ಹನ್ನೊಂದನೆಯ ಕಾಲಂ ಮತ್ತು ಶೇಂಗಾ ಹೋಳಿಗೆ

ಮನುಷ್ಯನಿಗೆ ಏನಿಲ್ಲದಿದ್ದರೂ ನಡೆದೀತು, ಏನಿದ್ದರೂ ನಡೆದೀತು, ಚಂದದ ಕೈಬರಹ ಮಾತ್ರ ಇರಬಾರದು. ಇದ್ದರೆ ಊರಿನವರ ಅರ್ಜಿಗಳೆಲ್ಲ ಅವನ ಪಾಲಿಗೇ ಬರುತ್ತವೆ. ನಾನು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾವು ನಾಲ್ಕಾರು ಜನ ಸಿಂಧನೂರಿನಲ್ಲಿ ಒಂದು ಟ್ರಸ್ಟ್ ಮಾಡಿಕೊಂಡೆವು. ಕಾರ್ಯದರ್ಶಿ ಯಾರಾಗಬೇಕು ಎಂಬ ಮಾತು ಬಂದಾಗ ಎಲ್ಲರೂ ನನ್ನ ಅಕ್ಷರವನ್ನು ಹೊಗಳತೊಡಗಿದರು. ನನ್ನ ಬುದ್ಧಿಯನ್ನು ಒಬ್ಬರೂ ಹೊಗಳಲಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಮುಂದೆ ಪುಣ್ಯಾತ್ಮರೊಬ್ಬರು ತಮ್ಮ ಹಳೆಯ ಮಿನಿಬಸ್ಸನ್ನು ಟ್ರಸ್ಟಿಗೆ ದಾನ ಕೊಟ್ಟರು. ಪ್ರತಿ ಮಂಗಳವಾರ ಅದು ಹಳ್ಳಿಗಳಲ್ಲಿ ಕಣ್ಣು ಮಂಜಾದ ಹಿರಿಯರನ್ನು ಹತ್ತಿಸಿಕೊಂಡು, ಮಸ್ಕಿಯಲ್ಲಿ ಚಹಾಕ್ಕೆ ನಿಂತು, ಲಿಂಗಸುಗೂರಿನ ಕಣ್ಣಿನ ಆಸ್ಪತ್ರೆಗೆ ಹೋಗಿ ಬರುತ್ತದೆ. ಈ ಸಲ ಅದಕ್ಕೆ ತಕ್ಕ ವಿಮೆಯನ್ನು ಆರಿಸುವ ಕೆಲಸ, ಅಕ್ಷರ ಚಂದವಿದ್ದ ತಪ್ಪಿಗೆ, ನನ್ನ ಹೆಗಲಿಗೆ ಬಿತ್ತು.

ವಿಮೆಯ ಏಜೆಂಟ್ ರಫೀಕ್ ನನ್ನ ಶಿಷ್ಯನೇ. ನಾಲ್ಕನೇ ಕ್ಲಾಸಿನಲ್ಲಿ ಏಳರ ಮಗ್ಗಿ ಬರಲಿಲ್ಲವೆಂದು ಅವನ ಕಿವಿ ಹಿಂಡಿದ್ದೆ. ಈಗ ಮನೆಗೆ ಬಂದು ನನ್ನೆದುರು ಅರ್ಜಿ ಹರವಿ ಕೂತ. ಹತ್ತು ಕಾಲಂಗಳನ್ನು ಮುತ್ತು ಪೋಣಿಸಿದಂತೆ ತುಂಬಿದೆ. ಹನ್ನೊಂದನೆಯದು ಹೀಗಿತ್ತು: 'ಪ್ರಯಾಣಿಕರಿಂದ ಬಾಡಿಗೆ ಅಥವಾ ಯಾವುದೇ ಪ್ರತಿಫಲ ಪಡೆಯುತ್ತೀರಾ?' ಗುಂಡಗೆ 'ಇಲ್ಲ' ಎಂದು ಬರೆಯಲು ಪೆನ್ನು ಎತ್ತಿದೆ. ಅಷ್ಟರಲ್ಲಿ ನನ್ನಾಕೆ ಚಹಾದ ಜೊತೆ ಒಂದು ತಟ್ಟೆ ಶೇಂಗಾ ಹೋಳಿಗೆ ತಂದಿಟ್ಟಳು. ರಫೀಕ್ ಒಂದು ತುಂಡು ಬಾಯಿಗಿಟ್ಟು, "ಭಾಳ ಛಲೋ ಆಗ್ಯಾವ್ರಿ. ನೀವ ಮಾಡೀರೇನು?" ಎಂದ.

"ನಾ ಎಲ್ಲಿ ಮಾಡ್ಲೆಪಾ? ಬಸ್ಸಿನ್ಯಾಗ ಬಂದಾವ" ಎಂದಳು ನನ್ನ ಧರ್ಮಪತ್ನಿ.

ರಫೀಕನ ಬಾಯಿ ನಿಂತಿತು. "ಸರ್, ಪ್ರತಿಫಲ ಅಂದ್ರ ಇದ ನೋಡ್ರಿ."

ಏನು ಹೇಳಲಿ? ನಮ್ಮ ಕಡೆಯ ಮಂದಿಗೆ ಬರಿಗೈಯಲ್ಲಿ ಬಸ್ ಹತ್ತಿ ಗೊತ್ತಿಲ್ಲ. ಒಬ್ಬರು ಪುಂಡಿಪಲ್ಲೆಯ ಸೊಪ್ಪು ತಂದರೆ ಇನ್ನೊಬ್ಬರು ಹಸಿ ಶೇಂಗಾ ತರುತ್ತಾರೆ. ಒಮ್ಮೆಯಂತೂ ಹಿಂದಿನ ಸೀಟಿನ ಕೆಳಗೆ ಒಂದು ಕೋಳಿ ಮಸ್ಕಿಯವರೆಗೆ ಸುಮ್ಮನಿದ್ದು ಆಮೇಲೆ ಕೂಗಿತ್ತು. ರಫೀಕ್ ಸಮಾಧಾನದಿಂದ ತಿಳಿಸಿ ಹೇಳಿದ: ಸೇವೆಯ ಗಾಡಿಯ ಪಾಲಿಸಿ ಬೇರೆ, ಬಾಡಿಗೆ ಗಾಡಿಯದು ಬೇರೆ, ಅದಕ್ಕೆ ಪರ್ಮಿಟ್ಟೂ ಬೇಕು. "ಸುಳ್ಳು ಬರದು ನಾಳೆ ಏನರ ಹೆಚ್ಚುಕಡಿಮಿ ಆತಂದ್ರ, ಒಳಗ ಕುಂತ ಹಿರೇರಿಗೆ ಕಂಪನಿ ಏನೂ ಕೊಡಾಂಗಿಲ್ರಿ ಸರ್." ಇದು ಕಾಯ್ದೆಯ ಮಾತೋ, ಹಿಂಡಿದ ಕಿವಿಯ ಸೇಡೋ ನನಗೆ ತಿಳಿಯಲಿಲ್ಲ. ಆದರೂ ಮಕ್ಕಳಿಗೆ ಸತ್ಯದ ಪಾಠ ಹೇಳಿದ ಬಾಯಿ ನನ್ನದು. ಹಳೆಯ ವಿಮೆಗೆ ಇನ್ನೂ ಕೆಲವು ದಿನ ಉಳಿದಿದ್ದವು, ಕಾಲಂ ಖಾಲಿ ಬಿಟ್ಟೆ. ಬಸ್ಸಿನೊಳಗೆ 'ಇಲ್ಲಿ ಏನನ್ನೂ ಸ್ವೀಕರಿಸುವುದಿಲ್ಲ' ಎಂಬ ಬೋರ್ಡನ್ನು ನನ್ನ ಕೈಯಾರೆ ಬರೆದು ತೂಗುಹಾಕಿದೆ. ಅಕ್ಷರ ಬಲು ಚಂದ ಬಂದಿತ್ತು.

ಮುಂದಿನ ಮಂಗಳವಾರ ವಳಕಮದಿನ್ನಿ. ಅದು ನನ್ನಾಕೆಯ ತವರೂರು. ಹನ್ನೆರಡು ಜನ ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ಶರಣಮ್ಮ. ಎರಡೂ ಕಣ್ಣಿಗೆ ಪೊರೆ ಬಂದು ಮನುಷ್ಯರನ್ನು ದನಿಯಿಂದಲೇ ಗುರುತಿಸುವ ಮುದುಕಿ. ಅವತ್ತು ಆಕೆಯ ಬಲಗಣ್ಣಿನ ಆಪರೇಷನ್ ಇತ್ತು, ತಪ್ಪಿದರೆ ಮತ್ತೆ ಸರದಿ ಬರುವುದು ಎರಡು ತಿಂಗಳಿಗೆ. ಆಕೆ ಕಾಲಿನಿಂದ ಮೆಟ್ಟಿಲು ಹುಡುಕಿಕೊಂಡು ನನ್ನತ್ತ ಒಂದು ಅರಿವೆಯ ಗಂಟು ಚಾಚಿದಳು. ತುಪ್ಪದ ವಾಸನೆ ಗಮ್ಮೆಂದಿತು. ನಾನು ಉಗುಳು ನುಂಗಿ, "ಬ್ಯಾಡ ಎವ್ವಾ" ಎಂದೆ.

"ಯಾಕ್ರಿ ಮಾಸ್ತರ, ನನ್ನ ಕೈಯಾಗಿನ ಹೋಳಿಗಿ ಕಹಿ ಅದಾವೇನು?"

"ಹಂಗಲ್ಲ. ವಿಮೆದವ್ರ ಕಾಯ್ದೆ ಐತಿ. ನಿಮ್ಮನ್ನ ಏನೂ ತೊಗೊಳ್ದ ಮುಫತ್ ಕರ್ಕೊಂಡು ಹೋಗಬೇಕು."

"ಮುಫತ್?" ಶರಣಮ್ಮ ಮೆಟ್ಟಿಲ ಮೇಲಿಟ್ಟ ಕಾಲು ತೆಗೆದಳು. "ಮುಫತ್ ಹತ್ತಾಕ ನಾ ಏನ್ ಬೇಡಾಕ ಹೊಂಟೀನೇನು? ಕಣ್ಣು ಹೋದ್ರ ಹೋಗ್ಲಿ, ಮರ್ಯಾದಿ ಹೋಗಬಾರದು." ಹೋಗಿ ಬೇವಿನ ಕಟ್ಟೆಯ ಮೇಲೆ ಕೂತಳು. ಉಳಿದ ಹನ್ನೊಂದು ಜನರೂ ಆಕೆಯ ಪಕ್ಕಕ್ಕೆ ಸಾಲಾಗಿ ಕೂತರು. ಬಸ್ಸಿನೊಳಗೆ ಉಳಿದದ್ದು ಡ್ರೈವರ್, ನಾನು, ನನ್ನ ಬೋರ್ಡು. ಗಂಟು ಇಸಿದುಕೊಂಡರೆ ಇವರ ವಿಮೆ ಹೋಗುತ್ತದೆ, ಬಿಟ್ಟರೆ ಮುದುಕಿಯ ಕಣ್ಣು ಹೋಗುತ್ತದೆ. ದಾರಿ ಕಾಣದೆ ಬಸ್ಸಿನಿಂದ ಇಳಿದು ಕಟ್ಟೆಯ ಹತ್ತಿರವೇ ನಿಂತು ರಫೀಕನಿಗೆ ಫೋನ್ ಹಚ್ಚಿದೆ. ನನ್ನ ಕಿವಿ ತುಸು ಮಂದ, ಆದ್ದರಿಂದ ಸ್ಪೀಕರ್ ಹಾಕಿದೆ.

"ಬಸ್ಸಿಗೆ, ಟ್ರಸ್ಟಿಗೆ ಕೊಡಬಾರದ್ರಿ ಸರ್" ಎಂದ ರಫೀಕ್. "ಬಳಗದವ್ರು ಬಳಗದವ್ರಿಗೆ ಕೊಟ್ರ ಕಂಪನಿ ಯಾಕ ಕೇಳತೈತಿ?"

ಕಟ್ಟೆಯ ಮೇಲಿಂದ ಶರಣಮ್ಮ ಎದ್ದಳು. "ಹಂಗನ್ನು! ಈ ಮಾಸ್ತರಗ ಯಾರು ಕೊಡಾಕತ್ತಾರ? ನಾ ನಮ್ಮೂರ ಮಗಳಿಗೆ ಕೊಡಾಕತ್ತೀನಿ. ತವರಿನ ಬುತ್ತಿ ಬಾಡಿಗಿ ಹೆಂಗ ಆಗತೈತಪಾ?"

ಫೋನಿನಲ್ಲಿ ರಫೀಕ್ ನಕ್ಕ. "ಇಲ್ಲಮ್ಮಾ, ತವರಿಗೆ ನಮ್ಮ ಕಂಪನ್ಯಾಗ ಕಾಲಂ ಇಲ್ಲ."

ಕಟ್ಟೆ ಖಾಲಿಯಾಯಿತು. ಹನ್ನೆರಡೂ ಜನ ಒಬ್ಬೊಬ್ಬರಾಗಿ ನನ್ನಾಕೆಗೆ ಚಿಗವ್ವ, ದೊಡ್ಡಪ್ಪ, ಸೋದರತ್ತೆ ಆಗುತ್ತ ಬಸ್ ಹತ್ತಿದರು. ಇಷ್ಟು ಬಳಗವಿದೆ ಎಂಬುದು ನನಗೆ ಮದುವೆಯಲ್ಲೂ ಗೊತ್ತಾಗಿರಲಿಲ್ಲ. ಕಾರ್ಯದರ್ಶಿಯಾಗಿ ಹೋದವನು ಬುತ್ತಿ ಹೊರುವ ಅಳಿಯನಾಗಿ ಮರಳಿದೆ. ಅವತ್ತು ಸಂಜೆಯೇ ಹನ್ನೊಂದನೆಯ ಕಾಲಮಿನಲ್ಲಿ 'ಇಲ್ಲ' ಎಂದು ಬರೆದು ಸೇವೆಯ ಪಾಲಿಸಿಗೆ ಸಹಿ ಹಾಕಿದೆ.

ಪೆನ್ನು ಮುಚ್ಚಿ ಗಂಟಿಗೆ ಕೈ ಹಾಕಿದರೆ ಗಂಟಿರಲಿಲ್ಲ. ನನ್ನಾಕೆ ಹೋಳಿಗೆಯನ್ನೆಲ್ಲ ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟಿದ್ದಳು. "ನಿಮಗ ಶುಗರ್ ಐತಿ. ಅದೂ ಅಲ್ದ ಅವು ನನ್ನ ತವರಿನ್ವು. ನೀವು ತಿಂದ್ರ ಪ್ರತಿಫಲ ಆಗತೈತಿ" ಎಂದಳು. ಕಾಯ್ದೆಯನ್ನು ನಮ್ಮ ಮನೆಯಲ್ಲಿ ಇಷ್ಟು ಬೇಗ ಕಲಿತವರು ಬೇರೆ ಯಾರೂ ಇಲ್ಲ.

ಮುಂದಿನ ವಾರ ತಪಾಸಣೆ ಮುಗಿಸಿ ಹೊರಬಂದ ಶರಣಮ್ಮ ಕರಿ ಕನ್ನಡಕ ಮೇಲೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಆಕೆಗೆ ನನ್ನ ಮುಖ ಕಂಡಿತ್ತು. "ಅಯ್ಯ ಅಳಿಯ, ಎಷ್ಟ ಸೊರಗೀರಿ! ಹೋದ ಮಂಗಳವಾರ ಗಂಟು ತುಂಬ ಹೋಳಿಗಿ ಕಳಿಸೀನಿ, ನಿಮಗ ಒಂದರ ಮುಟ್ಟಿಲ್ಲೇನು?"

"ಇಲ್ಲ ಎವ್ವಾ" ಎಂದೆ. ಹನ್ನೊಂದನೆಯ ಕಾಲಮಿನಲ್ಲಿ ಬರೆದದ್ದೂ ಅದನ್ನೇ, ಚಂದದ ಅಕ್ಷರದಲ್ಲಿ.