ಅವ್ವನ ಫೋನಿಗೆ ಮೂವತ್ತೆಂಟು ಪ್ರಶ್ನೆ

ನಾನು ಅವಸರದಲ್ಲಿ ಏನನ್ನೂ ಕೊಳ್ಳುವವಳಲ್ಲ. ಧಾರವಾಡದ ಒಂದು ಬೀಜ ಪರೀಕ್ಷಾ ಕೇಂದ್ರದಲ್ಲಿ ನನ್ನ ಕೆಲಸ. ನೂರು ಬೀಜ ಎಣಿಸಿ ಒದ್ದೆ ಕಾಗದದ ಮೇಲೆ ಸಾಲಾಗಿ ಇಡುವುದು, ಎಷ್ಟು ಮೊಳೆತವು ಎಂದು ದಿನವೂ ಬರೆದಿಡುವುದು. ಈ ಅಭ್ಯಾಸ ನನ್ನ ಹಿಂದೆಯೇ ಬಸ್ಸು ಹತ್ತಿ ಮನೆಗೂ ಬಂದಿದೆ. ನನ್ನ ದಿನಚರಿಯಲ್ಲಿ ಛತ್ರಿ ಕೊಂಡ ದಿನವೂ ಸಿಗುತ್ತದೆ, ಅದನ್ನು ಬಸ್ಸಿನಲ್ಲಿ ಮರೆತ ದಿನವೂ ಸಿಗುತ್ತದೆ. ನಡುವೆ ಹನ್ನೊಂದು ದಿನ.

ಹೀಗಾಗಿ ಅವ್ವನಿಗೆ ಫೋನು ಆರಿಸುವ ಹೊಣೆ ನನ್ನ ಮೇಲೆ ಬಿದ್ದಾಗ, ಈ ಕಾರ್ಯಕ್ಕೆ ನನಗಿಂತ ಯೋಗ್ಯರು ಅವಳಿ ನಗರದಲ್ಲೇ ಇಲ್ಲವೆಂದು ನಂಬಿದ್ದೆ.

ಅವ್ವ ಬೆಂಗೇರಿಯ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಸುತ್ತಲಿನ ಮನೆಗಳಿಗೆ ಕೊಡುತ್ತಾಳೆ. ಸರಿಯಾಗಿ ನಾಲ್ಕು ಗಂಟೆಗೆ ಒಲೆ ಆರಿಸಿ, ಸುಳ್ಳ ಗ್ರಾಮದಲ್ಲಿರುವ ತನ್ನ ಅಕ್ಕನ ಜೊತೆ, ಅಂದರೆ ನನ್ನ ದೊಡ್ಡವ್ವನ ಜೊತೆ, ಫೋನಿನಲ್ಲಿ ಮಾತಿಗೆ ಕೂರುತ್ತಾಳೆ. ಎರಡು ವರ್ಷದ ಹಿಂದೆ ದೊಡ್ಡವ್ವನಿಗೆ ಕಿವಿ ಪೂರ್ತಿ ಕೇಳಿಸದಂತಾಯಿತು. ಮಾತು ಮಾತ್ರ ನಿಲ್ಲಲಿಲ್ಲ. ವಿಡಿಯೋ ಕರೆಯಲ್ಲಿ ಅವ್ವನ ತುಟಿ ನೋಡಿ ಮಾತು ತಿಳಿಯುವುದನ್ನು ದೊಡ್ಡವ್ವ ಕಲಿತುಬಿಟ್ಟಳು. ಚಿತ್ರ ಮಸುಕು. ಅವ್ವ ಒಂದೊಂದು ಮಾತನ್ನೂ ಮೂರು ಸಲ ಹೇಳಬೇಕಾಗುತ್ತಿತ್ತು. ಆದರೂ ನಾಲ್ಕು ಗಂಟೆ ಒಂದು ದಿನವೂ ತಪ್ಪಿರಲಿಲ್ಲ.

ಒಂದು ಸೋಮವಾರ ಅವ್ವನ ಫೋನು ರೊಟ್ಟಿ ಹಿಟ್ಟಿಗೆಂದು ಕುದಿಯುತ್ತಿದ್ದ ಎಸರಿನ ಪಾತ್ರೆಗೆ ಬಿತ್ತು. ಇಕ್ಕಳದಿಂದ ತೆಗೆಯುವಷ್ಟರಲ್ಲಿ ಬೆಂದಿತ್ತು!

"ಸುಮಿ, ಲಗೂನ ಒಂದ ಫೋನ ತಂದ ಬಿಡವ್ವಾ," ಎಂದಳು ಅವ್ವ. "ಅಕ್ಕಗ ನನ್ನ ತುಟಿ ಕಂಡ್ರ ಸಾಕು."

"ಹಂಗ ತರಾಕ ಅದೇನ ಕೊತಂಬರಿ ಸಿವುಡೇನಬೇ? ಒಂದ ವಾರ ಕೊಡು. ನಿಮ್ಮ ಚಿತ್ರ ಮಸಕ ಬರೋದಕ್ಕ ನಿನ್ನ ಹಳೇ ಫೋನಿನ ಕ್ಯಾಮೆರಾನ ಕಾರಣ. ಈ ಸಲ ಎಂಥಾ ಫೋನ ತರ್ತೇನಿ ಅಂದ್ರ, ದೊಡ್ಡವ್ವಗ ನಿನ್ನ ಹಲ್ಲ ಸುದ್ದಾ ಎಣಸಾಕ ಬರಬೇಕು!"

ಒಂದು ವಾರ! ನನ್ನ ದಿನಚರಿಯಲ್ಲಿ ಆ ಮಾತಿನ ಕೆಳಗೆ ಈಗ ಕೆಂಪು ಗೆರೆ ಇದೆ.

ಎರಡು ವರ್ಷದ ಉಳಿತಾಯವನ್ನು ಮನಸ್ಸಿನಲ್ಲೇ ಅವ್ವನಿಗೆ ಅರ್ಪಿಸಿ, ಎರಡು ದೊಡ್ಡ ಕಂಪನಿಗಳ ಎರಡು ಪಟ್ಟದ ಆನೆಗಳನ್ನು, ಅಂದರೆ ಅತಿ ದುಬಾರಿ ಫೋನುಗಳನ್ನು, ಕಣಕ್ಕಿಳಿಸಿದೆ. ಒಂದು ಕರಿ, ಒಂದು ಬಿಳಿ. ದಿನಚರಿಯಲ್ಲಿ ಕರಿಯ, ಬಿಳಿಯ ಎಂದೇ ನಾಮಕರಣವಾಯಿತು. ಹಾಳೆಯ ನಡುವೆ ಗೆರೆ ಎಳೆದು ಮೂವತ್ತು ಪ್ರಶ್ನೆ ಬರೆದೆ. ಪಕ್ಕದಲ್ಲಿ ಅಂಕ, ಅದರ ಪಕ್ಕದಲ್ಲಿ ಷರಾ. ಐದನೆಯ ದಿನ ಕೂಡಿ ನೋಡಿದರೆ ಇಬ್ಬರೂ ಸಮ! ಇನ್ನೂ ನಾಲ್ಕು ಪ್ರಶ್ನೆ ಸೇರಿಸಿದೆ. ಬಿಳಿಯ ಒಂದಂಕ ಮುಂದೆ ಬಂದ. ಸಂತೋಷದಿಂದ ಮತ್ತೊಮ್ಮೆ ಕೂಡಿದೆ. ಕೂಡಿದ್ದು ತಪ್ಪಾಗಿತ್ತು. ಮತ್ತೆ ಸಮ!

ಹದಿನಾಲ್ಕನೆಯ ದಿನ ಅಪ್ಪ ಬಾಯಿ ಬಿಟ್ಟರು. ಅಪ್ಪ ನಿವೃತ್ತ ಬಸ್ ಚಾಲಕರು. ಎದುರಿಗೆ ದಾರಿ ಕಂಡರೂ ಹೋಗದೆ ನಿಂತವರನ್ನು ಕಂಡರೆ ಅವರಿಗೆ ಆಗುವುದಿಲ್ಲ.

"ನಿಮ್ಮಜ್ಜ ಎತ್ತ ಕೊಳ್ಳಾಕ ಹ್ವಾದಾಗ ಬಾಯಿ ತಗದ ಹಲ್ಲ ನೋಡತಿದ್ದಾ, ಬಾಲ ಹಿಡದ ನೋಡತಿದ್ದಾ, ಸಂಜೀಕ ಎತ್ತ ಮನೀ ಮುಂದ ಇರತಿತ್ತು. ನೀ ಹದಿನಾಕ ದಿನದಿಂದ ಹಲ್ಲ ಎಣಸಾಕತ್ತಿ!"

"ಎತ್ತಿಗೆ ಮುಂದ ಒಂದ ಸಾಲ ಹಲ್ಲಷ್ಟ ಅಪ್ಪಾ. ಇದಕ್ಕ ಮೂವತ್ನಾಕ ಪ್ರಶ್ನಿ ಅದಾವ್ರಿ."

"ಹಂಗಾರ ಎತ್ತನ್ನ ತಂದ ಬಿಡು."

ಇದಕ್ಕೆ ಪ್ರಾಯೋಗಿಕ ಪರೀಕ್ಷೆಯೊಂದೇ ಉತ್ತರ ಎಂದು ನಿರ್ಧರಿಸಿ ಅಪ್ಪನನ್ನು ಮಲ್ಲಣ್ಣನ ಫೋನಿನ ಅಂಗಡಿಗೆ ಕರೆದೊಯ್ದೆ. ಮಲ್ಲಣ್ಣನ ಮನೆಗೆ ಅವ್ವನ ರೊಟ್ಟಿಯೇ ಹೋಗುವುದರಿಂದ ಆತ ನನ್ನ ಯಾವ ಬೇಡಿಕೆಗೂ ಇಲ್ಲ ಎನ್ನುವಂತಿರಲಿಲ್ಲ. ಅಪ್ಪನನ್ನು ಬಾಗಿಲ ಬಳಿ ನಿಲ್ಲಿಸಿ ಕೈಗೆ ಕರಿಯನನ್ನು ಕೊಟ್ಟೆ. ಅವರು ಧ್ವನಿ ಮಾಡದೆ ಹತ್ತು ವಾಕ್ಯ ಹೇಳಬೇಕು. ನಾನು ಒಳಗೆ ನಿಂತು ನನ್ನ ಫೋನಿನ ಪರದೆಯ ಮೇಲೆ ಅವರ ತುಟಿ ನೋಡಿ ಬರೆದುಕೊಳ್ಳಬೇಕು. ಆಮೇಲೆ ಬಿಳಿಯನಿಗೂ ಇದೇ ವಿಧಿ.

ಕರಿಯನಿಗೆ ಹತ್ತಕ್ಕೆ ಎಂಟು. ಬಿಳಿಯನಿಗೂ ಹತ್ತಕ್ಕೆ ಎಂಟು!

ನಾನು ತಲೆಗೆ ಕೈ ಹಚ್ಚಿ ಕೂತಾಗ, ಬಾಗಿಲಲ್ಲಿ ನಿಂತಿದ್ದ ಯಾರೋ ಗಿರಾಕಿ ಕರುಣೆಯಿಂದ ಹೇಳಿದರು: "ತಂಗೀ, ಹಿರಿಯಾರು ಆಗಿನಿಂದ ಚಹಾ ಕೇಳಾಕತ್ತಾರ. ಕೊಡಸ್ರಿ ಪಾಪ!"

ಹತ್ತು ವಾಕ್ಯಗಳಲ್ಲಿ ಎಂಟು ಚಹಾಕ್ಕೆ ಸಂಬಂಧಿಸಿದ್ದವು. ಅವನ್ನು ತಿಳಿಯಲು ಫೋನು ಬೇಕಿರಲಿಲ್ಲ, ಅಪ್ಪನ ಪರಿಚಯವಿದ್ದರೆ ಸಾಕಿತ್ತು. ಷರಾ: ಪರೀಕ್ಷೆ ರದ್ದು.

ಈ ನಡುವೆ ನಾಲ್ಕು ಗಂಟೆ ದಿನವೂ ಬರುತ್ತಿತ್ತು. ಆ ಹೊತ್ತಿಗೆ ನಾನು ಧಾರವಾಡದಲ್ಲಿರುತ್ತೇನೆ. ಅಪ್ಪನದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಮುಖವೇ ಕಾಣದು. ಭಾನುವಾರ ನನ್ನ ಫೋನಿನಲ್ಲಿ ಮಾತಾಡಿಸಲು ನೋಡಿದೆ. ಅದರ ಕ್ಯಾಮೆರಾದ ಗಾಜು ಒಡೆದಿದೆ. ಅದರಲ್ಲಿ ಅವ್ವನ ಬಾಯಿ ಮೂರಾಗಿ ಕಂಡಿತು. ದೊಡ್ಡವ್ವ ಯಾವ ಬಾಯಿಯನ್ನು ನಂಬಬೇಕು?

"ನಿಮ್ಮವ್ವ ಈಗೂ ನಾಕಕ್ಕ ಕಟ್ಟೀ ಮ್ಯಾಲ ಹೋಗಿ ಕುಂದ್ರತಾಳ," ಎಂದರು ಅಪ್ಪ ಒಂದು ಸಂಜೆ. "ಕೈಯಾಗ ಏನೂ ಇರೂದಿಲ್ಲ. ಅರ್ಧಾ ತಾಸ ಕುಂತ ಎದ್ದ ಬರ್ತಾಳ."

ಇಪ್ಪತ್ತೊಂದನೆಯ ದಿನ ಸುಳ್ಳದಿಂದ ಬಂದ ಸಂಬಂಧಿಕರೊಬ್ಬರು ದೊಡ್ಡವ್ವನ ಮಾತು ತಂದರು: "ತಂಗಿ ನನ್ನ ಮ್ಯಾಲ ಸಿಟ್ಟಾಗ್ಯಾಳೇನು?" ಅವ್ವ ಪರಾತದಲ್ಲಿದ್ದ ಹಿಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಾದಿದಳು.

ಮರುದಿನ ಬೆಳಿಗ್ಗೆ ರಜೆ ಹಾಕಿ, ನಡುವೆ ಸೇರಿಸಿದ ಮೂರರಲ್ಲೂ ಇಬ್ಬರೂ ಸಮ ಉಳಿದಿದ್ದರಿಂದ, ಮೂವತ್ತೆಂಟನೆಯ ಪ್ರಶ್ನೆ ಬರೆದೆ. "ಬೀಗ ತೆಗೆಯುವುದು ಸುಲಭವೇ?" ಬಿಳಿಯ ಹೆಬ್ಬೆರಳು ಮುಟ್ಟಿದರೆ ತೆರೆಯುತ್ತಿದ್ದ. ಕರಿಯ ಮುಖ ನೋಡಿ ತೆರೆಯುತ್ತಿದ್ದ. ಹೆಬ್ಬೆರಳು ಯಾರಿಗಿಲ್ಲ? ಒಂದಂಕದಿಂದ ಬಿಳಿಯ ಗೆದ್ದ. ಅವನನ್ನು ಮನೆಗೆ ತಂದು ಅರಿಶಿನ ಕುಂಕುಮ ಹಚ್ಚಿ ಅವ್ವನ ಹೆಬ್ಬೆರಳನ್ನು ಅವನ ಮೇಲಿರಿಸಿದೆ.

"ಬೆರಳು ಒರೆಸಿಕೊಂಡು ಮತ್ತೆ ಪ್ರಯತ್ನಿಸಿ," ಎಂದ ಬಿಳಿಯ.

ಅವ್ವ ಸೆರಗಿಗೆ ಒರೆಸಿಕೊಂಡಳು. ಸಾಬೂನು ಹಚ್ಚಿ ತೊಳೆದಳು. ತಾಮ್ರದ ಚೊಂಬು ತಿಕ್ಕುವ ಹುಣಸೆಹಣ್ಣು ಹಚ್ಚಿಯೂ ತೊಳೆದಳು. ಹತ್ತು ಬೆರಳು, ಬೆರಳಿಗೆ ಆರರಂತೆ ಅರವತ್ತು ಪ್ರಯತ್ನ. ಮೊಳಕೆ ಸೊನ್ನೆ!

"ಇನ್ನ ಒರಸಿದ್ರ ಎಲುಬ ಬರತೈತಿ ಸುಮಿ," ಎಂದಳು ಅವ್ವ. "ರೇಷನ್ ಅಂಗಡ್ಯಾಗೂ ಹಿಂಗ ಆಗತೈತಿ. ಅದಕ್ಕ ನಿಮ್ಮಪ್ಪಾರು ಹೋಗ್ತಾರ."

"ಮೊದಲ ಯಾಕ ಹೇಳಲಿಲ್ಲ?"

"ನೀ ಎಲ್ಲೆ ಕೇಳೀದಿ?"

ಅವಳ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂವತ್ತು ವರ್ಷ ಬಿಸಿ ಹಿಟ್ಟು ನಾದಿ, ರೊಟ್ಟಿ ಬಡಿದ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಹುಟ್ಟಿದಾಗಿನಿಂದ ಆ ಕೈಯ ರೊಟ್ಟಿ ತಿಂದಿದ್ದೇನೆ, ಆ ಕೈಯನ್ನು ಹೀಗೆ ನೋಡಿದ್ದು ಅದೇ ಮೊದಲು. ಮೂವತ್ತೆಂಟು ಪ್ರಶ್ನೆಗಳನ್ನೂ ನಾನು ಫೋನಿಗೆ ಕೇಳಿದ್ದೆ. ಅವ್ವನಿಗೆ ಒಂದನ್ನೂ ಕೇಳಿರಲಿಲ್ಲ.

"ಅಕ್ಕಾರ ರೊಟ್ಟಿ ತಿಂದೇವಿ, ಒಲ್ಲೆ ಅನ್ನಾಕ ಆಗೂದಿಲ್ಲ," ಎನ್ನುತ್ತ ಮಲ್ಲಣ್ಣ ನಿಟ್ಟುಸಿರಿನೊಂದಿಗೆ ಬಿಳಿಯನನ್ನು ಹಿಂದೆ ಪಡೆದು ಕರಿಯನನ್ನು ಕೊಟ್ಟ. ಕರಿಯ ಅವ್ವನ ಮುಖವನ್ನು ಮೊದಲ ನೋಟಕ್ಕೇ ಗುರುತು ಹಿಡಿದ. ಆ ಸಂಭ್ರಮದಲ್ಲಿ ನಾನು ಇನ್ನೊಂದು ಉಪಕಾರ ಮಾಡಿದೆ. ಫೋನು ಎತ್ತಿದ ಕೂಡಲೇ ಕಾಣಲಿ ಎಂದು, ಬೀಗ ಹಾಕಿದ ಪರದೆಯ ಮೇಲೆ ನಮ್ಮ ಮನೆದೇವರು ವೀರಭದ್ರನ ಚಿತ್ರ ಹಾಕಿಕೊಟ್ಟೆ.

ಅಂದಿನಿಂದ ಕರಿಯ ತೆರೆಯಲಿಲ್ಲ.

ಕಾರಣ ತಿಳಿಯಲು ಎದುರಿಗೆ ಕೂತು ಗಮನಿಸಿದೆ. ಅವ್ವ ಫೋನು ಎತ್ತುತ್ತಾಳೆ. ದೇವರು ಕಾಣುತ್ತಾನೆ. ಅವ್ವ ಕಣ್ಣು ಮುಚ್ಚಿ, ಫೋನನ್ನು ಹಣೆಗೆ ಒತ್ತಿ ನಮಸ್ಕಾರ ಮಾಡುತ್ತಾಳೆ. ಕಣ್ಣು ತೆರೆದ ಮುಖ ಕಾಣದೆ ಕರಿಯ ಬೀಗ ಬಿಗಿದುಕೊಳ್ಳುತ್ತಾನೆ. ಅವ್ವ ಕಣ್ಣು ತೆರೆಯುತ್ತಾಳೆ. ಮತ್ತೆ ದೇವರು! ಮತ್ತೆ ನಮಸ್ಕಾರ!

"ಅವ್ವಾ, ಕಣ್ಣ ತಗದ ನೋಡಬೇ."

"ದೇವರ ಮುಂದ ಕಣ್ಣ ಪಿಳಿ ಪಿಳಿ ಬಿಟ್ಟಕೊಂಡ ನಿಂದ್ರಲೇನು?"

"ಹಂಗಾರ ಚಿತ್ರ ತಗದ ಹೂವಿಂದ ಹಾಕತೇನಿ."

"ಕುಂದರಿಸಿದ ದೇವರನ್ನ ಎಬ್ಬಸ್ತಾರೇನ ಯಾರರೆ? ಹುಚ್ಚ ಹುಡುಗಿ!"

ನಾಲ್ಕು ದಿನ ಭಕ್ತಿಗೂ ಭದ್ರತೆಗೂ ಹೀಗೆ ಯುದ್ಧ ನಡೆಯಿತು. ಐದನೆಯ ದಿನ ಅವ್ವನೇ ಮೆಲ್ಲಗೆ ಕೇಳಿದಳು: "ಅಲ್ಲಾ, ಕೀಲಿ ಯಾಕ ಬೇಕು? ಹಗಲ ಹೊತ್ತಿನ್ಯಾಗ ನಮ್ಮ ಮನೀ ಬಾಗಲಕ್ಕರೆ ಕೀಲಿ ಹಾಕೇವೇನು?"

ಬೀಗ ತೆಗೆದು ಹಾಕಲು ಏಳು ಸೆಕೆಂಡು ಹಿಡಿಯಿತು.

ಅಂದು ಶನಿವಾರ. ನಾನು ಮನೆಯಲ್ಲಿದ್ದೆ. ನಾಲ್ಕು ಗಂಟೆಗೆ ಅವ್ವ ತಲೆ ಬಾಚಿ, ಸೆರಗು ಸರಿಮಾಡಿಕೊಂಡು ಕರೆ ಮಾಡಿದಳು. ನಮ್ಮ ಪರದೆಯ ಮೂಲೆಯಲ್ಲಿ ಅವ್ವನ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಮೂಗುತಿಯ ಹರಳು ಸಹ ಹೊಳೆಯುತ್ತಿತ್ತು. ನಾನು ಎದೆ ಉಬ್ಬಿಸಿ ನಿಂತೆ.

"ಯಾರದು?" ಎಂದಳು ದೊಡ್ಡವ್ವ. "ಮಸಕ ಮಸಕ ಐತಿ. ಬಾಯಿ ಕಾಣವಲ್ದು."

ನೆಟ್‌ವರ್ಕ್ ತೊಂದರೆ ಇರಬೇಕೆಂದು ಅವ್ವನನ್ನು ಕಟ್ಟೆಗೆ ಕೂರಿಸಿದೆ, ಮಾಳಿಗೆಗೆ ಹತ್ತಿಸಿದೆ, ನೀರಿನ ಟಾಕಿಯ ಪಕ್ಕ ನಿಲ್ಲಿಸಿದೆ. ಮಸುಕು ಮಸುಕಾಗಿಯೇ ಇತ್ತು. ಕೆಳಗಿನಿಂದ ಅಪ್ಪ ಕೂಗಿದರು: "ಸುಮಿ, ಬಸ್ಸಿನ ದೀಪ ಎಷ್ಟ ಝಗ್ ಅಂದ್ರೂ ಡ್ರೈವರನ ಕಣ್ಣಿಗೆ ಪೊರಿ ಬಂದಿದ್ರ ಏನ ಮಾಡೂದೈತಿ? ಆ ಕಡಿ ಫೋನ ಯಾವಾಗರೆ ನೋಡೀಯೇನು?"

ನೋಡಿರಲಿಲ್ಲ.

ಭಾನುವಾರ ಮೂವರೂ ಸುಳ್ಳದ ಬಸ್ಸು ಹತ್ತಿದೆವು. ಬಾಗಿಲಲ್ಲೇ ದೊಡ್ಡವ್ವ ತಂಗಿಯ ಗಲ್ಲ ಹಿಡಿದು, "ಸಿಟ್ಟಾಗೀಯೇನ ನನ್ನ ಮ್ಯಾಲ?" ಎಂದಳು. "ಇಲ್ಲಕ್ಕಾ, ಫೋನ ಎಸರಿನ್ಯಾಗ ಬಿತ್ತು," ಎಂದಳು ಅವ್ವ. ದೊಡ್ಡವ್ವ ಅವಳ ತುಟಿಯನ್ನೇ ನೋಡುತ್ತಿದ್ದವಳು, ತಿಳಿದ ಕೂಡಲೇ ಬಿದ್ದು ಬಿದ್ದು ನಕ್ಕಳು. ಇಬ್ಬರೂ ಜಗುಲಿಯ ಮೇಲೆ ಕೂತರು. ಬಿಸಿಲು ಇಳಿಯುವವರೆಗೂ ಅವ್ವ ಯಾವ ಮಾತನ್ನೂ ಎರಡನೆಯ ಸಲ ಹೇಳಬೇಕಾಗಲಿಲ್ಲ.

ನಾನು ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ದೊಡ್ಡವ್ವನ ಫೋನು ತೆಗೆದು ನೋಡಿದೆ. ಮೊಮ್ಮಕ್ಕಳು ಆಡಿ, ಬೀಳಿಸಿ, ಬೇಸತ್ತು ಕೊಟ್ಟ ಫೋನು. ಗೀರು ಬಿದ್ದು ಮಸುಕಾದ ಪರದೆಯ ನಡುವೆ ಅಡ್ಡಡ್ಡ ಮೂರು ಹಸಿರು ಗೆರೆ, ಸರಿಯಾಗಿ ಎದುರಿನವರ ತುಟಿ ಬರುವ ಜಾಗದಲ್ಲಿ! ಎರಡು ವರ್ಷದಿಂದ ಮಸುಕಾಗಿದ್ದು ಸುಳ್ಳದ ಪರದೆ. ನಾನು ಶಿಕ್ಷೆ ಕೊಟ್ಟಿದ್ದು ಬೆಂಗೇರಿಯ ಕ್ಯಾಮೆರಾಕ್ಕೆ. ಬೀಜವನ್ನು ಇಪ್ಪತ್ತೆಂಟು ದಿನ ಪರೀಕ್ಷೆ ಮಾಡಿ, ಹೊಲದ ಕಡೆ ಒಮ್ಮೆಯೂ ತಿರುಗಿ ನೋಡದ ಪರೀಕ್ಷಕಿ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಸೋಮವಾರ ಬೆಳಿಗ್ಗೆ ದೊಡ್ಡವ್ವನನ್ನೂ ಕರೆದುಕೊಂಡು ಮಲ್ಲಣ್ಣನ ಅಂಗಡಿಗೆ ಹೋದೆವು. ನನ್ನನ್ನು ಕಂಡ ಕೂಡಲೇ ಆತ ಕರಿಯನ ಪೆಟ್ಟಿಗೆಗೆ ಕೈ ಚಾಚಿದ.

"ಕೊಡ್ರಿ, ಗೊತ್ತೈತಿ. ಈ ಸಲ ಏನಾತ್ರಿ, ಕಿವಿ ಹಿಡದ ತಗಿಯೋ ಫೋನ ಬೇಕೇನು?"

ಒಂದು ಪಟ್ಟದ ಆನೆಯ ಬೆಲೆಗೆ ಎರಡು ಸಾದಾ ಫೋನು ಬರುತ್ತವೆ, ಬಂದು ಮೇಲೆ ಉಳಿಯುತ್ತದೆ ಎಂಬ ಸಂಗತಿ ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಅವ್ವ ಕಪಾಟಿನತ್ತ ಬೆರಳು ತೋರಿಸಿ, "ಅವ್ನೆರಡ ಕೊಡ್ರಿ, ಹಿಡಿಯಾಕ ಹಗುರ ಕಾಣ್ತಾವ," ಎಂದಳು. ಅವುಗಳ ಹೆಸರು ನನ್ನ ಯಾವ ಹಾಳೆಯಲ್ಲೂ ಇರಲಿಲ್ಲ. ದೊಡ್ಡವ್ವ ಒಂದನ್ನು ಹಿಡಿದು ಬಾಗಿಲಿಗೆ ಹೋದಳು, ಅವ್ವ ಇನ್ನೊಂದನ್ನು ಹಿಡಿದು ಒಳಗೆ ಕೂತಳು. ಆರಿಸಲು ನಾಲ್ಕು ನಿಮಿಷ ಹಿಡಿಯಿತು. ಪರೀಕ್ಷೆ ನಲವತ್ತು ನಿಮಿಷ ನಡೆಯಿತು, ಏಕೆಂದರೆ ಅದು ಪರೀಕ್ಷೆ ಎಂಬುದನ್ನು ಇಬ್ಬರೂ ಮರೆತಿದ್ದರು. ಉಪ್ಪಿನಕಾಯಿ, ಮೊಣಕಾಲು, ಸೊಸೆಯ ಬಸಿರು ಎಲ್ಲ ಮುಗಿದು, ಮಲ್ಲಣ್ಣನ ಅಂಗಡಿಯಲ್ಲಿ ಸಿಗುವ ಚಹಾದ ವಿಷಯ ಬಂದಿತ್ತು.

ಅವ್ವನ ಬೆನ್ನ ಹಿಂದೆ ನಿಂತಿದ್ದ ನಾನು ಸೋಲೊಪ್ಪಲಾಗದೆ ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದೆ: "ಏನರೆ ಅನ್ರಿ ಅಪ್ಪಾ, ನಾ ಆರಿಸಿದ್ದ ಫೋನ ಆಗಿದ್ರ ಅವ್ವ ಇನ್ನೂ ಚಂದ ಕಾಣತಿದ್ಲು."

ಅಪ್ಪನಿಗೇ ಸರಿಯಾಗಿ ಕೇಳಿಸದಷ್ಟು ಮೆಲುದನಿ ಅದು. ಆದರೆ ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ, ತನ್ನ ಪರದೆಯಲ್ಲಿ ಅವ್ವನ ಭುಜದ ಹಿಂದೆ ಕಾಣುತ್ತಿದ್ದ ನನ್ನ ತುಟಿಗಳನ್ನು ಅಕ್ಷರವೂ ಬಿಡದೆ ಓದಿ, ಇಡೀ ಅಂಗಡಿಗೆ ಕೇಳುವಂತೆ ಕೂಗಿದಳು:

"ಏ ಸುಮೀ! ಇನ್ನೂ ಚಂದ ಕಂಡ ಏನ ಮಾಡೂದೈತಿ? ಆಕಿ ನನ್ನ ತಂಗಿ. ನನಗ ಗುರ್ತ ಐತಿ!"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವ್ವ ಸೆರಗು ಹಿಡಿದು ನಕ್ಕಳು. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.