ಬಾವಿಕಟ್ಟೆಯ ಎಡಕ್ಕೆ

ಫಕೀರಪ್ಪನಿಗೆ ಪುಣೆಯಲ್ಲಿ ಒಂದು ಖೋಲಿ ಸಿಕ್ಕಿತೆಂದರೆ ಅದಕ್ಕೆ ಅವಧೂತ ಸತ್ತದ್ದೇ ಕಾರಣ. ಅಲ್ಲಿ ಗುಳೇದಗುಡ್ಡದ ಕುಪ್ಪಸದ ಖಣ ಮಾರುವ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಫಕೀರಪ್ಪ, ಮದುವೆಯಾದ ಮೇಲೂ ಅಂಗಡಿಯ ಅಟ್ಟದ ಮೇಲೆ ಖಣದ ಗಂಟುಗಳ ನಡುವೆಯೇ ಮಲಗುತ್ತಿದ್ದ. ಹೆಂಡತಿ ಕಾಶವ್ವ ಊರಲ್ಲಿ ತವರುಮನೆಯಲ್ಲಿ ಉಳಿದಿದ್ದಳು. ಅಟ್ಟದ ಮೇಲೆ ಸಂಸಾರ ಹೂಡಲು ಬರುವಂತಿರಲಿಲ್ಲ. ಕಡೆಗೆ ಬುಧವಾರ ಪೇಟೆಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಅವಧೂತನೆಂಬ ಒಂಟಿ ಮನುಷ್ಯ ಜ್ವರದಿಂದ ತೀರಿಕೊಂಡ. ಅವನ ಖೋಲಿಯನ್ನು ಯಾರೂ ಕೇಳಲಿಲ್ಲ. ಫಕೀರಪ್ಪ ಕೇಳಿದ.

ಯಾರೂ ಏಕೆ ಕೇಳಲಿಲ್ಲ ಎಂಬುದನ್ನು ಅವನು ಮೊದಲೇ ವಿಚಾರಿಸಬೇಕಾಗಿತ್ತು. ಆದರೆ ಹೆಂಡತಿಯನ್ನು ಕರೆತರುವ ಆತುರದಲ್ಲಿರುವ ಗಂಡಸಿಗೆ ವಿಚಾರಿಸುವ ಬುದ್ಧಿ ಎಲ್ಲಿಂದ ಬರಬೇಕು?

ಆಗಿದ್ದು ಇಷ್ಟು. ಅವಧೂತ ಸಾಯುವ ಮುಂಚೆ ಸಿನೇಮಾದಲ್ಲಿ ನಿಂತು ಬಂದಿದ್ದ. ಒಂದು ಕಂಪನಿಯವರು ಸಂತೆಯ ದೃಶ್ಯದ ಜನಜಂಗುಳಿಗೆಂದು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದಾಗ ಇವನೂ ಹೋಗಿದ್ದ. ಬಂದವನು ವಾಡೆಯ ಒಬ್ಬೊಬ್ಬರ ಕಟ್ಟೆಗೂ ಹೋಗಿ ಹೇಳಿದ್ದ: ರಾಜನ ಆನೆ ಬರುತ್ತದೆ, ಆಗ ಬಾವಿಕಟ್ಟೆಯ ಎಡಕ್ಕೆ ನೋಡಿ, ನಾನು ಕೈಯೆತ್ತಿ ಜನರನ್ನು ಕರೆಯುತ್ತಿರುತ್ತೇನೆ. ಚಿತ್ರ ಬಿಡುಗಡೆಯಾಗುವಷ್ಟರಲ್ಲಿ ಅವನೇ ಇರಲಿಲ್ಲ. ವಾಡೆಯವರೆಲ್ಲ ಹೋಗಿ ನೋಡಿದರು. ಸತ್ತವನು ಪರದೆಯ ಮೇಲೆ ನಿಂತು ಕೈಯೆತ್ತಿ ಕರೆಯುವುದನ್ನು ಕಂಡು, ಬಾಯಿಗೆ ಬಟ್ಟೆ ಒತ್ತಿಕೊಂಡು ಮನೆಗೆ ಬಂದರು. ಅಂದಿನಿಂದ ಅವನ ಖೋಲಿಯ ಹೊಸ್ತಿಲನ್ನು ಯಾರೂ ತುಳಿಯಲಿಲ್ಲ.

ಇದೊಂದೂ ತಿಳಿಯದ ಕಾಶವ್ವ ತನ್ನ ಸೋದರಮಾವ ಸಿದ್ದಲಿಂಗಪ್ಪನ ಜೊತೆ ಬೆಳಗಿನ ಗಾಡಿಗೆ ಬಂದಿಳಿದಳು. ರೊಟ್ಟಿಯ ಗಂಟು ಬಿಚ್ಚಿ ಮಾವ ಇನ್ನೂ ಎರಡನೇ ತುತ್ತು ಎತ್ತಿರಲಿಲ್ಲ, ಎದುರು ಖೋಲಿಯ ರಂಗೂಬಾಯಿ ಬಾಗಿಲಲ್ಲಿ ನಿಂತಿದ್ದಳು. ಸೊಲ್ಲಾಪುರದವಳಾದ್ದರಿಂದ ಆಕೆಗೆ ಕನ್ನಡ ಬರುತ್ತಿತ್ತು. ಬರದೆ ಇದ್ದಿದ್ದರೆ ಫಕೀರಪ್ಪನ ಸಂಸಾರ ಉಳಿಯುತ್ತಿತ್ತು.

“ಈ ಖೋಲ್ಯಾಗ ಇರಾಕ ಬಂದೀರೇನ್ರಿ? ಛಲೋ ಆತು. ಅವಧೂತ ಕರ್ಯಾಕತ್ಯಾನ, ಗೊತ್ತದ ಹೌದಿಲ್ಲ?”

ಸಿನೇಮಾದ ಸಂಗತಿಯನ್ನೆಲ್ಲ ಹೇಳುತ್ತ ಹೋದಂತೆ ಅವಳ ದನಿ ಇಳಿಯಿತು. ಮಾವ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

“ಅಳಿಯಂದ್ರ, ಸಂಜೀ ಗಾಡಿಗೆ ಹುಡುಗೀನ ವಾಪಸ್ ಕರಕೊಂಡು ಹೊಂಟೆ. ಸತ್ತಾಂವ ಕೈಮಾಡಿ ಕರಿಯೋ ಮನ್ಯಾಗ ನಾ ಬಿಟ್ಟು ಹೋಗಾಂವಲ್ಲ.”

“ಮಾವಾರ, ಅದು ಸಿನೇಮಾ ಐತ್ರಿ. ಬೆಳಕಿನ ಆಟ. ಮಧ್ಯಾಹ್ನದ ಆಟಕ್ಕ ನೀವs ಬಂದು ನೋಡ್ರಿ. ಏನರ ಆದ್ರ ನಾನs ಟಾಂಗಾ ತರತೀನಿ” ಎಂದ ಫಕೀರಪ್ಪ. ಕಾಶವ್ವ ಕಂಬಕ್ಕೆ ಒರಗಿ ಅವನನ್ನೇ ನೋಡುತ್ತಿದ್ದಳು. ಅವಳನ್ನು ಮತ್ತೆ ಗಾಡಿ ಹತ್ತಿಸಲು ಅವನಿಗೆ ಮನಸ್ಸಿರಲಿಲ್ಲ.

ಮಧ್ಯಾಹ್ನ ಚಿತ್ರಮಂದಿರದ ದಾರಿಯುದ್ದಕ್ಕೂ ರಂಗೂಬಾಯಿಯ ಬೋಧನೆ ನಡೆಯಿತು. ಆನೆ ಬಂದ ಕೂಡಲೇ ಎಡಕ್ಕೆ ನೋಡಬೇಕು, ರೆಪ್ಪೆ ಬಡಿಯಬಾರದು, ಅವನು ಕರೆದಾಗ ಮನಸ್ಸಿನಲ್ಲೂ ಓ ಅನ್ನಬಾರದು. ಫಕೀರಪ್ಪ ತಾನು ಏನನ್ನೂ ಕಾಣುವುದಿಲ್ಲವೆಂದು ಗಟ್ಟಿಯಾಗಿ ನಿರ್ಧರಿಸಿಕೊಂಡು ಒಳಗೆ ಹೋದ.

ಚಿತ್ರಗಳಿಗೆ ಇನ್ನೂ ಮಾತು ಬಾರದ ಕಾಲ. ಪರದೆಯ ಪಕ್ಕದಲ್ಲಿ ಒಬ್ಬ ಹಾರ್ಮೋನಿಯಂ ನುಡಿಸುತ್ತಿದ್ದ, ಇನ್ನೊಬ್ಬ ಎದ್ದು ನಿಂತು ಪರದೆಯ ಮೇಲೆ ಮೂಡಿದ ಅಕ್ಷರಗಳನ್ನು ಜನರಿಗೆ ಓದಿ ಹೇಳುತ್ತಿದ್ದ. ಹೆಂಗಸರ ಕಡೆ ಕಾಶವ್ವ, ರಂಗೂಬಾಯಿ. ಗಂಡಸರ ಕಡೆ ಮಾವ, ಅಳಿಯ. ಕಥೆ ಏನೆಂದು ಯಾರಿಗೂ ಬೇಕಾಗಿರಲಿಲ್ಲ. ಸುದ್ದಿ ಪೇಟೆಯೆಲ್ಲ ಹಬ್ಬಿ, ಬಂದವರೆಲ್ಲ ಆ ಒಂದು ಗಳಿಗೆಗೆಂದೇ ಬಂದಿದ್ದರು.

ಆನೆ ಬಂತು. ಹಾರ್ಮೋನಿಯಂ ತಾನಾಗಿ ನಿಂತಿತು. ನುಡಿಸುವವನೂ ತಲೆಯೆತ್ತಿ ಪರದೆ ನೋಡುತ್ತಿದ್ದ. ಓದುವವನ ದನಿ ಅರ್ಧಕ್ಕೇ ಕುಸಿಯಿತು. ಹಿಂದಿನಿಂದ ಯಂತ್ರದ ಕರಕರ ಸದ್ದೊಂದೇ ಕೇಳುತ್ತಿತ್ತು. ಸವೆದ ರೀಲಿನ ಮೇಲೆ ಬಿಳಿ ಗೆರೆಗಳು ಉದುರುತ್ತಿದ್ದವು. ಬಾವಿಕಟ್ಟೆ ಕಂಡಿತು, ಅದರ ಎಡಕ್ಕೆ ಬೇವಿನ ಮರದ ನೆರಳು ಕಂಡಿತು. ಆ ನೆರಳಿನೊಳಗಿಂದ ತಲೆಗೆ ಬಿಳಿ ರುಮಾಲು ಸುತ್ತಿದ ಒಬ್ಬ ಬಡಕಲು ಮನುಷ್ಯ ನಿಧಾನವಾಗಿ ಕೈಯೆತ್ತಿ, ಬೆರಳು ಮಡಿಸಿ, ನೇರ ಫಕೀರಪ್ಪನನ್ನೇ ಕರೆದ.

ಪಕ್ಕದಲ್ಲಿ ಮಾವ ಶಿವಶಿವಾ ಎನ್ನುತ್ತ ಫಕೀರಪ್ಪನ ತೊಡೆಯನ್ನು ಹಿಡಿದುಕೊಂಡಿದ್ದ.

ಹೊರಗೆ ಬಂದಾಗ ಬಿಸಿಲಿದ್ದರೂ ಯಾರ ಮೈಗೂ ಅದು ತಾಕಿದಂತಿರಲಿಲ್ಲ.

“ಅದs ಕೆಂಪು ರುಮಾಲು” ಎಂದಳು ರಂಗೂಬಾಯಿ. ಕಪ್ಪು ಬಿಳುಪಿನ ಚಿತ್ರದಲ್ಲಿ ಆಕೆಗೆ ಕೆಂಪು ಹೇಗೆ ಕಂಡಿತೋ ದೇವರಿಗೇ ಗೊತ್ತು.

“ರುಮಾಲೆಲ್ಲಿತ್ತು? ಬೋಳ ತಲಿ ಇತ್ತು” ಎಂದ ಮಾವ.

“ನನಗ ಬಿಳೇದು ಕಾಣ್ತು” ಎಂದುಬಿಟ್ಟ ಫಕೀರಪ್ಪ. ಎಂದ ಮೇಲೆ ನಾಲಗೆ ಕಚ್ಚಿಕೊಂಡ. ಮಾವ ಟಾಂಗಾ ಹುಡುಕತೊಡಗಿದ.

ಆಗ ಕಾಶವ್ವ ಬಾಯಿಬಿಟ್ಟಳು. “ನನಗೂ ಕಂಡಾನ್ರಿ. ಅದಕ್ಕೇನಾತೀಗ? ಪಿಚ್ಚರದಾಗಿನಂವ ಪಿಚ್ಚರದಾಗ ಇರ್ತಾನ. ಆ ಪರದೀ ಬಿಟ್ಟು ಇಳದು ಬಂದು ನನ್ನ ಒಲಿ ಮುಂದ ಕುಂಡ್ರತಾನೇನು? ಅಂವಗ ಅಲ್ಲೇ ಜಾಗಾ ಸಿಕ್ಕದ, ನನಗ ಇಲ್ಲೇ ಸಿಕ್ಕದ. ಮಾವಾ, ನಾ ಇಲ್ಲೇ ಇರ್ತೀನಿ.”

“ಹುಡುಗಿ ಮಾತೂ ಖರೇ ಅದ” ಎಂದು ಮಾವ ಟಾಂಗಾದವನನ್ನು ಕಳಿಸಿಬಿಟ್ಟ.

ಇಲ್ಲಿಗೆ ಫಕೀರಪ್ಪ ಕೈಮುಗಿದು ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ರಂಗೂಬಾಯಿ, “ಅಮಾವಾಸ್ಯೆ ಬರ್ಲಿ, ಆಗ ಮಾತಾಡೋಣಂತ” ಎಂದಳು. ಅವಳ ಬಾಯಿಯನ್ನು ಒಂದೇ ಸಲಕ್ಕೆ ಮುಚ್ಚಿಸಬೇಕೆಂದು ಅವನಿಗೆ ಹಟ ಹುಟ್ಟಿತು. ಅಷ್ಟೇ ಅಲ್ಲ, ಆ ಮಡಿಸಿದ ಬೆರಳು ಇನ್ನೂ ಅವನ ಕಣ್ಣ ಮುಂದೆಯೇ ಇತ್ತು. ಉಳಿದವರನ್ನು ಮನೆಗೆ ಕಳಿಸಿ ಅವನು ಚಿತ್ರಮಂದಿರದ ಹಿಂದಿನ ಮೆಟ್ಟಿಲು ಹತ್ತಿದ. ಯಂತ್ರ ನಡೆಸುವ ಮಧುಕರ ಅವಧೂತನ ಗೆಳೆಯನಾಗಿದ್ದನೆಂದು ಕೇಳಿದ್ದ.

ಮಧುಕರ ರೀಲು ಸುತ್ತುತ್ತಲೇ ಮರಾಠಿಯಲ್ಲಿ ಹೇಳಿದ ಮಾತು ಕೇಳಿ ಫಕೀರಪ್ಪ ಅಲ್ಲೇ ಕುಣಿಯುವುದೊಂದು ಬಾಕಿ. ಅವಧೂತ ಈ ಚಿತ್ರದಲ್ಲಿ ಇಲ್ಲವೇ ಇಲ್ಲ. ಅವನು ನಿಂತ ಭಾಗ ಕತ್ತಲೆ ಕತ್ತಲೆಯಾಗಿ ಬಂತೆಂದು ಕಂಪನಿಯವರೇ ಕತ್ತರಿಸಿ ಎಸೆದಿದ್ದರು. ಗೆಳೆಯನ ಮುಖ ಒಮ್ಮೆ ನೋಡಬೇಕೆಂದು ಮಧುಕರ ಮೊದಲ ದಿನವೇ ಹುಡುಕಿ ನಿರಾಶನಾಗಿದ್ದ. ಬಾವಿಕಟ್ಟೆಯ ಎಡಕ್ಕೆ ಇರುವುದು ಮರದ ನೆರಳು ಮಾತ್ರ. ನೋಡುವವರು ಅವನನ್ನು ತಾವೇ ಮನೆಯಿಂದ ಹೊತ್ತುಕೊಂಡು ಬರುತ್ತಿದ್ದರು.

ಫಕೀರಪ್ಪ ಅವನ ಕೈಹಿಡಿದು ವಾಡೆಗೆ ಎಳೆದು ತಂದ. ಅಂಗಳದಲ್ಲಿ ವಾಡೆಯವರನ್ನೆಲ್ಲ ಸೇರಿಸಿ, ಮಧುಕರನಿಂದ ಅದೇ ಮಾತನ್ನು ಹೇಳಿಸಿ, ಮಾವನಿಗೂ ಕಾಶವ್ವನಿಗೂ ತಾನೇ ಕನ್ನಡದಲ್ಲಿ ತಿಳಿಸಿದ. “ಕೇಳಿದ್ರೇನು ಮಾವಶಿ? ಅಂವ ಪಿಚ್ಚರದಾಗ ಇಲ್ಲs ಇಲ್ಲ” ಎಂದು ರಂಗೂಬಾಯಿಯ ಕಡೆ ಗೆದ್ದವನಂತೆ ನೋಡಿದ.

ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಕಾಶವ್ವ ಮೆಲ್ಲಗೆ ಕೇಳಿದಳು: “ಪಿಚ್ಚರದಾಗ ಇಲ್ಲಂದ್ರ, ಮತ್ತ ಎಲ್ಲಿ ಅದಾನ್ರಿ ಅಂವ?”

ಎಲ್ಲರೂ ಒಟ್ಟಿಗೆ ಚಿಲಕ ಹಾಕಿದ್ದ ಖೋಲಿಯ ಬಾಗಿಲ ಕಡೆ ತಿರುಗಿದರು. ಫಕೀರಪ್ಪನೂ ತಿರುಗಿದ.

“ಎಲ್ಲೂ ಇಲ್ಲ. ನಾವs ಹಂಗ ತಿಳಕೊಂಡಿದ್ವಿ, ಅದಕ್ಕ ಹಂಗ ಕಾಣ್ತು” ಎಂದು ತೊದಲಿದ.

“ಇಷ್ಟು ಮಂದಿ ಹುಚ್ಚರೇನು?” ಎಂದಳು ರಂಗೂಬಾಯಿ.

“ನೀವೂ ಕಂಡ್ರಿ ಅಲ್ಲೇನ್ರಿ? ಬಿಳೇ ರುಮಾಲು ಅಂದ್ರಿ” ಎಂದಳು ಕಾಶವ್ವ. ಅವಳ ಕಣ್ಣಲ್ಲಿ ನೀರಿತ್ತು.

ಮಧುಕರ ಮೆಟ್ಟಿಲ ಮೇಲೆ ಕುಳಿತಿದ್ದ. ನಿಜಕ್ಕೂ ಎಡಕ್ಕೇ ಕಂಡನೇ ಎಂದು ಅವನು ಕೇಳಿದ. ಎಡಕ್ಕೇ ಎಂದರು ಎಲ್ಲರೂ. ನಾಳೆ ಇನ್ನೊಮ್ಮೆ ಸರಿಯಾಗಿ ನೋಡುತ್ತೇನೆ ಎಂದು ಹೇಳಿ, ಖೋಲಿಯ ಬಾಗಿಲಿಗೆ ಬೆನ್ನು ಕೊಡದೆ ಹೊರಗೆ ಹೋದ.

ಸಂಜೆಯ ಗಾಡಿಗೆ ಟಾಂಗಾವನ್ನು ಫಕೀರಪ್ಪನೇ ತಂದ. ಹಾಗೆಂದು ಅವನೇ ಮಾತು ಕೊಟ್ಟಿದ್ದನಲ್ಲ.

ಸ್ಟೇಷನ್ನಿನಲ್ಲಿ ಕಾಶವ್ವ ಕಿಟಕಿಯ ಪಕ್ಕ ಕುಳಿತಳು. “ಬ್ಯಾರೆ ಖೋಲಿ ನೋಡ್ರಿ, ನಾ ಬರ್ತೀನಿ” ಎಂದಳು. ಲಗೂನ ಬಂದುಬಿಡು, ನಿನ್ನ ಬಿಟ್ಟು ಇರಲಾರೆ ಎಂದು ಹೇಳುವಷ್ಟರಲ್ಲಿ ಎಂಜಿನ್ನು ಕೂಗಿ ಅವನ ಮಾತನ್ನು ನುಂಗಿತು. ಗಾಡಿ ಚಲಿಸಿತು. ಅವನು ಅಲ್ಲೇ ನೀರಿನ ತೊಟ್ಟಿಯ ಎಡಕ್ಕೆ, ಸಂಜೆಯ ನೆರಳಿನಲ್ಲಿ, ತಲೆಗೆ ಎಂದಿನ ಬಿಳಿ ರುಮಾಲು ಸುತ್ತಿಕೊಂಡು ನಿಂತಿದ್ದ. ಮಾತು ಕೇಳದಿದ್ದರೆ ಕೈಯಾದರೂ ಕಾಣಲಿ ಎಂದು ನಿಧಾನವಾಗಿ ಕೈಯೆತ್ತಿ, ಬೆರಳು ಮಡಿಸಿ, ಬಾ ಎಂದು ಕರೆದ.

ಕಿಟಕಿಯಲ್ಲಿ ಕಾಶವ್ವನ ಮುಖದ ಬಣ್ಣವೇ ಹೋಯಿತು. ಅವಳು ಎರಡೂ ಕೈಯಿಂದ ಕಿಟಕಿಯ ಬಾಗಿಲನ್ನು ಕೆಳಗೆ ಎಳೆದುಕೊಂಡಳು.