ಒಲೆ ಹಚ್ಚದ ಚಾಕಲೇಟು

ಶುಕ್ರವಾರ ಸಂಜೆ ಪಂಢರಿನಾಥ ಗೋಡೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆಯನ್ನು ಪರ್‍ರನೆ ಹರಿದುಕೊಂಡ. ಎಲ್ಲ ಗೋಳಿಗೂ ಅದೇ ಮೂಲ. ಹರಿಯುವ ಮುಂಚೆ ಅದರ ಮೇಲೇನು ಅಚ್ಚಾಗಿದೆ ಎಂದು ಓದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನಿಗೆ ಬೇಕಾಗಿದ್ದದ್ದು ಅದರ ಖಾಲಿ ಬೆನ್ನು. ವಾಚನಾಲಯದ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ಓದಿ ಬಂದದ್ದನ್ನು ಮರೆಯುವ ಮುಂಚೆ ಅಲ್ಲಿ ಬರೆದಿಟ್ಟುಕೊಂಡ: ‘ಶೇಂಗಾ ಬೆಣ್ಣೆ, ಕೋಕೋ ಪುಡಿ, ಸಕ್ಕರೆ. ಕಲಸಿ ಉಂಡೆ ಕಟ್ಟುವುದು. ತಂಪಿನಲ್ಲಿ ಇಡುವುದು. ಒಲೆ ಬೇಡ.’

ಇದು ಯುದ್ಧಕ್ಕೆ ಮುಂಚಿನ ಮಾತು. ಹುಬ್ಬಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಂಢರಿನಾಥ ಎರಡು ವರ್ಷಗಳಿಂದ ಹಂಗಾಮಿ ಮಾಸ್ತರ. ಪಕ್ಕದ ಮನೆಯ ದತ್ತೋಪಂತನೂ ಹಂಗಾಮಿಯೇ. ಕಾಯಂ ಆಗುವ ಜಾಗ ಮಾತ್ರ ಒಂದೇ. ಅದನ್ನು ಯಾರಿಗೆ ಕೊಡಬೇಕೆಂಬುದು ಹೆಡ್‌ಮಾಸ್ತರ ಬಾಳಕೃಷ್ಣರಾಯರ ಕೈಯಲ್ಲಿತ್ತು. ಕೆಲಸದ ಮೇಲೆ ಧಾರವಾಡಕ್ಕೆ ಹೊರಟಿದ್ದ ರಾಯರು, "ಶನಿವಾರ ಹತ್ತಕ್ಕ ತಿರುಗಿ ಬರ್ತೇನಿ. ಮನ್ಯಾಗ ಯಾರೂ ಇಲ್ಲ, ನೆಟ್ಟಗ ನಿಮ್ಮಲ್ಲೇ ಬರ್ತೇನ್ರಿ," ಎಂದು ಪಂಢರಿನಾಥನಿಗೆ ಹೇಳಿ ಹೋಗಿದ್ದರು.

ಶನಿವಾರ ಏಕಾದಶಿ. ದೇವರ ಮನೆಯಲ್ಲಿ ತೂಗುಹಾಕಿದ್ದ ಮಠದ ಪಂಚಾಂಗ ಸ್ಪಷ್ಟವಾಗಿ ಹಾಗೆಂದಿತ್ತು. ಪಂಢರಿನಾಥನದು ವೈಷ್ಣವರ ಮನೆ, ಅಂದು ಒಲೆ ಹಚ್ಚುವ ಮಾತೇ ಇಲ್ಲ, ಹನಿ ನೀರೂ ಇಲ್ಲ. ರಾಯರು ಸ್ಮಾರ್ತರು, ಉಪವಾಸಕ್ಕೆ ಶೇಂಗಾ ನಡೆಯುತ್ತದೆ. ಮುಂಬಯಿಯಲ್ಲಿ ಓದುವಾಗ ತಿಂದ ಚಾಕಲೇಟನ್ನು ಅವರು ಇಂದಿಗೂ ಕಣ್ಣು ಮುಚ್ಚಿಕೊಂಡು ನೆನೆಯುತ್ತಿದ್ದರು. ಭಾವಮೈದುನ ಕಳಿಸಿದ ಕೋಕೋ ಡಬ್ಬಿಯೊಂದು ನಾಗೊಂದಿಗೆಯ ಮೇಲಿತ್ತು. ಹೆಂಡತಿ ಸುಲಭಾ ತವರಿಗೆ ಹೋಗಿದ್ದಳು. ಇನ್ನೇನು ಬೇಕು? ದೇವರೇ ಎಲ್ಲ ಜೋಡಿಸಿಕೊಟ್ಟಂತಿತ್ತು.

ಬೆಳಿಗ್ಗೆ ಆರಕ್ಕೇ ಅವನು ಚೀಟಿ ಹಿಡಿದು ಹಿತ್ತಲಿಗೆ ಬಂದ. ದುರ್ಗದಬೈಲಿನಲ್ಲಿ ಶೇಂಗಾ ಅಂಗಡಿ ಇಟ್ಟ ನೀಲಕಂಠಪ್ಪ ಆಚೆ ಮನೆಯ ಕಟ್ಟೆಯ ಮೇಲೆ ಬೇವಿನ ಕಡ್ಡಿ ಕಚ್ಚುತ್ತ ಕೂತಿದ್ದರು. ಆ ಕ್ಯಾಲೆಂಡರ್ ಕೊಟ್ಟವರೂ ಅವರೇ.

"ಸಾವ್ಕಾರ್ರ, ಹುರದ ಶೇಂಗಾ ಒಂದು ಸೇರು ಬೇಕ್ರಿ. ಮತ್ತ ಶೇಂಗಾ ಬೆಣ್ಣಿ ಅದ ಏನ್ರಿ?"

ನೀಲಕಂಠಪ್ಪ ಕಡ್ಡಿ ಬಾಯಿಂದ ತೆಗೆದರು. "ನಲವತ್ತು ವರ್ಷ ಆತು ಶೇಂಗಾ ಮಾರಾಕತ್ತೇನಿ. ಶೇಂಗಾದಾಗ ಎಣ್ಣಿ ಕಂಡೇನಿ, ಹಿಂಡಿ ಕಂಡೇನಿ. ಬೆಣ್ಣಿ ಕಂಡಿಲ್ರಿ ಮಾಸ್ತರ."

"ಇಂಗ್ಲಿಷ್ನ್ಯಾಗ ಬರದದ್ರಿ."

"ಇಂಗ್ಲಿಷಿನವ್ರು ಶೇಂಗಾದ ಕೆಚ್ಚಲಾ ಎಲ್ಲಿ ಹಿಡದು ಹಿಂಡ್ತಾರ?"

ಗದ್ದಲ ಕೇಳಿ ದತ್ತೋಪಂತನ ದೊಡ್ಡಮ್ಮ ಮಂದಾಕಿನಿಬಾಯಿ ಗೋಡೆಯ ಮೇಲಿಂದ ಮುಖ ಚಾಚಿದರು. ಓಣಿಯವರಿಗೆಲ್ಲ ಅವರು ಮಾವಶಿ, ಮತ್ತು ಓಣಿಯ ಎಲ್ಲ ಅಡುಗೆಗೂ ಅವರದೊಂದು ಮಾತು ಇರಲೇಬೇಕು.

"ಹುಚ್ಚಪ್ಪ! ಶೇಂಗಾ ಬ್ಯಾರೆ, ಬೆಣ್ಣಿ ಬ್ಯಾರೆ. ಎರಡೂ ಕೂಡಿಸಿ ಕುಟ್ಟು."

ನೀಲಕಂಠಪ್ಪ ಮನೆಯಲ್ಲಿದ್ದ ಶೇಂಗಾವನ್ನೇ ಅಳೆದುಕೊಟ್ಟರು, ಪಂಢರಿನಾಥ ಕುಟ್ಟಿದ. ಅರ್ಧ ತಾಸು ಕುಟ್ಟಿದ ಮೇಲೆ ಶೇಂಗಾ ತಾನಾಗಿಯೇ ಎಣ್ಣೆ ಬಿಟ್ಟು ಬೆಣ್ಣೆಯಂತಾಯಿತು. ಆದರೆ ಅಷ್ಟರಲ್ಲಿ ಮಾವಶಿ ಹೇಳಿದ ಬೆಣ್ಣೆಯೂ ಒರಳಿಗೆ ಬಿದ್ದಾಗಿತ್ತು. ಕೋಕೋ, ಸಕ್ಕರೆ ಹಾಕಿ ಕಲಸಿದ. ರುಚಿ ನೋಡುವಂತಿಲ್ಲ, ಅವನಿಗೆ ಉಪವಾಸ.

"ಮಾವಶಿ, ನೀವು ನೋಡ್ರಿ."

ಮಾವಶಿ ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು. "ಕಹಿ! ಸಕ್ಕರಿ ಹಾಕು."

ಹಾಕಿದ. ನೀಲಕಂಠಪ್ಪ ಅಂಗೈ ಚಾಚಿ ಒಂದು ಉಂಡೆ ಇಸಿದುಕೊಂಡರು. "ಬರೇ ಸಕ್ರಿ ಐತಿ. ಕರೀ ಪುಡಿ ಹಾಕ್ರಿ."

ಹಾಕಿದ. ಮಾವಶಿಗೆ ಮತ್ತೆ ಕಹಿಯಾಯಿತು. ನೀಲಕಂಠಪ್ಪನವರಿಗೆ ಮತ್ತೆ ಸಿಹಿಯಾಯಿತು. ಸಡಿಲಾಯಿತೆಂದು ಶೇಂಗಾ, ಬಿಗಿಯಾಯಿತೆಂದು ಬೆಣ್ಣೆ. ಒಂಬತ್ತರ ಹೊತ್ತಿಗೆ ಕೋಕೋ ಡಬ್ಬಿ ಖಾಲಿಯಾಗಿತ್ತು, ಸುಲಭಾ ತಿಂಗಳಿಗೆಂದು ಕೂಡಿಟ್ಟ ಸಕ್ಕರೆ ಮುಗಿದಿತ್ತು, ಹತ್ತು ಉಂಡೆಯ ಹಿಟ್ಟು ಐವತ್ತು ಉಂಡೆಯದಾಗಿತ್ತು. ತಾನು ಮಾಡುತ್ತಿರುವುದು ಚಾಕಲೇಟೋ ಗೋಡೆಗೆ ಮೆತ್ತುವ ಗಾರೆಯೋ ಪಂಢರಿನಾಥನಿಗೆ ತಿಳಿಯದಾಯಿತು. ಹಸಿವಿನಿಂದ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮಾವಶಿಯ ಅಡುಗೆಮನೆಯಿಂದ ಹೊಗೆ ಏಳುತ್ತಿದ್ದದ್ದನ್ನು ಅವನು ನೋಡಿದ. ಸ್ನಾನದ ನೀರು ಕಾಯಿಸುತ್ತಿರಬೇಕು ಎಂದುಕೊಂಡ.

ಇನ್ನು ತಂಪಿನ ಜಾಗ. "ಭಾವಿಯಾಗ ಬಿಡ್ರಿ," ಎಂದರು ನೀಲಕಂಠಪ್ಪ. ಅದೊಂದು ಮಾತು ಮಾತ್ರ ಮಾವಶಿಗೂ ಒಪ್ಪಿಗೆಯಾಯಿತು. ಪಂಢರಿನಾಥ ತಾಟಿಗೆ ಉಂಡೆ ಅಂಟದಿರಲೆಂದು ಕೈಯಲ್ಲಿದ್ದ ಚೀಟಿಯನ್ನೇ ಹಾಸಿ, ಮೇಲೆ ಉಂಡೆ ಪೇರಿಸಿ, ತಾಟನ್ನು ಬುಟ್ಟಿಯಲ್ಲಿಟ್ಟು ಭಾವಿಗೆ ಇಳಿಬಿಟ್ಟ. ಅರ್ಧಕ್ಕೆ ಹಗ್ಗ ಜಾರಿತು. ಬುಟ್ಟಿ ಭಾವಿಯ ಗೋಡೆಗೆ ಬಡಿದು ನಿಂತಿತು. ಏದುಸಿರು ಬಿಡುತ್ತ ಮೇಲೆಳೆದು ನೋಡಿದರೆ ಐವತ್ತು ಉಂಡೆ ಒಂದಕ್ಕೊಂದು ಅಂಟಿ ಬೆಲ್ಲದ ಪೆಂಟೆಯಂತಾಗಿದ್ದವು. ಚೂರಿ ಹಿಡಿದು ತುಂಡು ಮಾಡತೊಡಗಿದ.

ಅಷ್ಟರಲ್ಲಿ ಬಾಗಿಲಲ್ಲಿ ರಾಯರು. ಬಸ್ಸು ರಾಯಾಪುರದ ಹತ್ತಿರ ಕೆಟ್ಟು ನಿಂತದ್ದರಿಂದ ಹನ್ನೊಂದು ಹೊಡೆದಿತ್ತು. ಅವರ ಮುಖ ಬಾಡಿತ್ತು.

"ಪಂಢರಿನಾಥ, ಹೊಟ್ಟಿ ಭಗಭಗ ಅನ್ಲಿಕತ್ತದ. ಎಲಿ ಹಾಕ್ರಿ ಮೊದಲ."

ಪಂಢರಿನಾಥನ ಎದೆ ಉಬ್ಬಿತು. ಎಲೆಯನ್ನೇ ಹಾಸಿ, ನಡುವೆ ತಾಟು ಇಟ್ಟು ಕೈಮುಗಿದ. "ಸರ್, ಇವತ್ತ ಏಕಾದಶಿ. ಒಲಿ ಹಚ್ಚದ ಚಾಕಲೇಟ ಮಾಡೇನ್ರಿ, ನಿಮ್ಮ ಸಲುವಾಗಿ."

ಚಾಕಲೇಟೆಂಬ ಮಾತಿಗೆ ರಾಯರ ಕೈ ತಾನಾಗಿಯೇ ಮುಂದೆ ಹೋಯಿತು. ತುಂಡನ್ನು ಎತ್ತಿದರು. ಅದರ ಬುಡಕ್ಕೆ ಅಂಟಿಕೊಂಡು ಚೀಟಿಯೂ ಮೇಲೆದ್ದಿತು. ರಾಯರು ಅದನ್ನು ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

"ಶುಕ್ರವಾರ. ಸ್ಮಾರ್ತ ಏಕಾದಶಿ."

ಪಂಢರಿನಾಥ ಬಗ್ಗಿ ಹಾಳೆಯ ಮುಂಭಾಗ ನೋಡಿದ.

"ಈ ಸಲ ಎರಡು ದಿನ ಬಂದದಲ್ರಿ," ಎಂದರು ರಾಯರು. "ನಿಮ್ಮದು ಇವತ್ತು, ನಮ್ಮದು ನಿನ್ನಿನೇ ಆತು. ನಿನ್ನಿ ಇಡೀ ದಿವಸ ಧಾರವಾಡದಾಗ ಬರೇ ಶೇಂಗಾ ತಿಂದು ಕೂತೇನಿ. ಇವತ್ತ ಬಿಸಿ ಅನ್ನ ಕಾಣ್ತೇನಿ ಅಂತ ಬಂದ್ರ, ಮತ್ತ ಶೇಂಗಾ!"

"ಸರ್, ನಾ ಹಾಳಿ ಹಿಂದಷ್ಟ ಬರದಿದ್ದೆ, ಮುಂದ ನೋಡ್ಲಿಲ್ರಿ..."

ಗೋಡೆಯ ಮೇಲಿಂದ ಮಾವಶಿಯ ದನಿ ಬಂತು. "ರಾಯರ, ಪಾರಣಿ ಅಡಗಿ ಆಗೇದ. ನಮ್ಮದೂ ನಿನ್ನಿನೇ ಉಪಾಸ ಮುಗೀತು. ದತ್ತು ಎಲಿ ಹಾಕ್ಯಾನ, ಬರ್ರಿ."

ರಾಯರು ಎದ್ದರು. ಮಾವಶಿ ಗೋಡೆಯಾಚೆಯಿಂದ ಮತ್ತೆ ಕೂಗಿದರು. "ಪಂಢರೀ, ಆ ತಾಟೂ ಇತ್ಲಾಗ ಕೊಡಪಾ. ನೀ ಹ್ಯಾಂಗೂ ಇವತ್ತ ತಿನ್ನಂಗಿಲ್ಲ." ಅವನು ಕೊಟ್ಟ.

ಗೋಡೆಯಾಚೆ ಅನ್ನ ಬಿತ್ತು, ತೊವ್ವೆ ಬಿತ್ತು. "ಇನ್ನಷ್ಟು ತುಪ್ಪ, ಸರ್," ಎಂದು ದತ್ತೋಪಂತ ಉಪಚಾರ ಮಾಡುವುದು ಕೇಳಿಸಿತು. ಪಂಢರಿನಾಥ ಖಾಲಿ ಎಲೆಯ ಮುಂದೆ ಕೂತೇ ಇದ್ದ.

ಒಂದು ತಾಸಿನ ಮೇಲೆ ರಾಯರು ಹೊಟ್ಟೆ ಸವರಿಕೊಳ್ಳುತ್ತ ಬಾಗಿಲಿಗೆ ಬಂದರು.

"ಖರೇ ಹೇಳ್ತೇನಿ, ಊಟದ ಮ್ಯಾಲೆ ತಿಂದ್ರ ನಿಮ್ಮ ಚಾಕಲೇಟ ಭಾಳ ಛಲೋ. ಮುಂಬಯಿದಾಗೂ ಇಂಥಾದ್ದು ತಿಂದಿಲ್ಲ."

ಪಂಢರಿನಾಥ ದಡಬಡಿಸಿ ಎದ್ದ. "ಹಂಗಾದ್ರ ಸರ್, ಕಾಯಂ ಜಾಗಾದ್ದು..."

"ಅದು ದತ್ತೋಪಂತಗ, ಊಟ ಮಾಡ್ತಾ ಹೇಳಿಬಿಟ್ಟೆ." ರಾಯರು ಜೇಬಿನಿಂದ ಎಣ್ಣೆ ಹೀರಿದ ಆ ಚೀಟಿ ತೆಗೆದು ಮಡಚಿಕೊಂಡರು. "ಇದು ನನ್ನ ಕಡೇನೇ ಇರ್ಲಿ, ನಮ್ಮನ್ಯಾಗ ಮಾಡಿಸ್ತೇನಿ. ಆದ್ರ ಪಂಢರಿನಾಥ, ನೀವ ವಿಚಾರ ಮಾಡ್ರಿ. ಕೈಯಾಗಿನ ಹಾಳಿ ಎರಡೂ ಬಾಜೂ ನೋಡದವ್ರು ಹುಡುಗೂರ ಪೇಪರ್ ಹ್ಯಾಂಗ ತಿದ್ತೀರಿ?"